ಹಾವುಮನೆಯ ಹಿಂಬಾಗಿಲು

ಬೋವೀ
ಮಾರ್ಚ್ 3, 1976

ಅಕ್ಕಾ,

ನಿನ್ನ ಕಾಗದ ಬಂತು. ಕಾಗದ ಅಲ್ಲ ಅದು, ಪೊಲೀಸ್ ವಿಚಾರಣೆ. ಏನು ಕೆಲಸ, ಯಾರ ಹತ್ತಿರ, ಕುಡೀತಿದ್ದೀಯೋ ಬಿಟ್ಟೆಯೋ, ಯಾಕೆ ಊರ ಕಡೆ ತಲೆ ಹಾಕಿಲ್ಲ. ಒಂದೊಂದಾಗಿ ಹೇಳ್ತೀನಿ, ತಾಳು.

ಕುಡಿಯೋದು ಬಿಟ್ಟೆ. ಕೆಲಸ ಮ್ಯೂಸಿಯಮ್ಮಿನಲ್ಲಿ. ಹೌದು, ನಿನ್ನ ತಮ್ಮ ಡೆಲ್ಮರ್, ಆರನೇ ಕ್ಲಾಸಿನಲ್ಲಿ ಎರಡು ಸಲ ಕೂತವನು, ಈಗ ಜನಕ್ಕೆ ಇತಿಹಾಸ ಹೇಳ್ತಾನೆ. ನಗಬೇಡ. ಹೆದ್ದಾರಿ ಪಕ್ಕದಲ್ಲೇ ಇದೆ, ಊರು ಮುಗಿದು ಬರೀ ಮರಳು ಶುರುವಾಗೋ ಕಡೆ. ಒಂದೇ ಕಟ್ಟಡ, ಎರಡು ಕೋಣೆ. ಯಜಮಾನ ಟ್ಯಾಕೆಟ್ ಅಂತ, ಅರವತ್ತು ದಾಟಿದ ಬಿಳಿಯ. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಹಿಂದಿನ ಕೋಣೆಯಲ್ಲಿ, ಬಿಳಿಯರು ಬರೋಕೆ ಮುಂಚಿಂದ ಇಲ್ಲಿರೋ ನಮ್ಮ ಅಪಾಚೆ ಜನರ ಇತಿಹಾಸ. ಗೋಡೆ ತುಂಬ ಫೋಟೋ, ಬಿಲ್ಲು, ಬಾಣ, ಜಿಂಕೆ ಚರ್ಮದ ಬೂಟು. ಅರ್ಧಕ್ಕರ್ಧ ಟ್ಯಾಕೆಟ್ ಪ್ಲಾಸ್ಟರಿನಲ್ಲಿ ಮಾಡಿ ಬಣ್ಣ ಹೊಡೆದದ್ದು. ಮುಂದಿನ ಕೋಣೆಯಲ್ಲಿ ಬೇರೆ ಏನೇನೋ ಇದೆ, ಮಕ್ಕಳಿಗೆ ಇಷ್ಟ ಆಗೋವಂಥದ್ದು. ಅದು ಅವನ ಹುಚ್ಚು, ಬಿಡು.

ಬರೋ ಜನ ಕೇಳೋ ಪ್ರಶ್ನೆ ಕೇಳಿದರೆ ಹೊಟ್ಟೆ ಹುಣ್ಣಾಗುತ್ತೆ. ಮೊನ್ನೆ ಒಬ್ಬ ಮುದುಕ, ‘ನೀವು ಈಗ್ಲೂ ಗುಡಿಸಿಲಲ್ಲೇ ಇರ್ತೀರಾ?’ ಅಂದ. ‘ಇಲ್ಲ ಸಾರ್, ಹಗಲೆಲ್ಲ ಮ್ಯೂಸಿಯಮ್ಮಲ್ಲಿ ಇರ್ತೀವಿ’ ಅಂದೆ. ಪಾಪ, ತಲೆಯಾಡಿಸಿದ.

ಟ್ವೈಲಾ ಸರಿಯಾಗಿ ಊಟ ಮಾಡ್ತಿಲ್ಲ ಅಂತ ಒಂದೇ ಸಾಲು ಬರೆದು ಬಿಟ್ಟೆಯಲ್ಲ, ಏನಾಗಿದೆ ಕೂಸಿಗೆ? ಪೂರ್ತಿ ಬರಿ. ನೀನು ಇಲ್ಲಿಗೆ ಬರೋ ತಾಪತ್ರಯ ಮಾತ್ರ ಇಟ್ಟುಕೋಬೇಡ. ಎಪ್ಪತ್ತು ಮೈಲಿ ಬಂದು ನೋಡೋವಂಥದ್ದು ಇಲ್ಲೇನೂ ಇಲ್ಲ.

ನಿನ್ನ ತಮ್ಮ
ಡೆಲ್ಮರ್


ಬೈಲಾಸ್
ಮಾರ್ಚ್ 19, 1976

ಡೆಲ್ಮರ್,

ಮ್ಯೂಸಿಯಮ್ಮಂತೆ! ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಕಾಫಿ ನೆತ್ತಿಗೇರಿಸಿಕೊಂಡು ನಕ್ಕರು. ನನಗೆ ಮಾತ್ರ ಹೆಮ್ಮೆ ಆಯ್ತು ಕಣೋ, ಸುಳ್ಳು ಯಾಕೆ ಹೇಳಲಿ. ಅಂಗಡಿ ಮುಂದೆ ನಿಂತು ಬ್ಯೂಲಾ ಚಿಕ್ಕಮ್ಮನಿಗೂ ಹೇಳಿದೆ, ಅಲ್ಲಿದ್ದ ನಾಕು ಜನಕ್ಕೂ ಕೇಳೋ ಹಾಗೆ.

ಟ್ವೈಲಾ ವಿಷಯ ಕೇಳಿದೆ. ಬರೆಯೋಕೆ ಕೈ ಬರಲ್ಲ, ಆದರೂ ಬರೀತೀನಿ. ಅವಳಿಗೆ ಒಂಬತ್ತು ತುಂಬಿತು. ಕೈ ನೋಡಿದರೆ ಆರು ವರ್ಷದ ಮಗುವಿನ ಕೈ. ಜನವರಿಯಿಂದ ತುತ್ತು ಇಳೀತಾ ಇಲ್ಲ. ತಟ್ಟೆ ಮುಂದಿಟ್ಟರೆ ತಟ್ಟೆಯನ್ನೇ ನೋಡ್ತಾ ಕೂರ್ತಾಳೆ. ಬಯ್ದರೆ ಅಳಲ್ಲ, ಮುದ್ದು ಮಾಡಿದರೆ ನಗಲ್ಲ. ಸ್ಕೂಲಿನಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದಳು. ಆಸ್ಪತ್ರೆಯವರು ರಕ್ತ ತಗೊಂಡು ನೋಡಿ ಏನೂ ಇಲ್ಲ ಅಂದರು. ಏನೂ ಇಲ್ಲದೆ ಮಗು ಹೀಗೆ ಒಣಗುತ್ತಾ?

ಕೊನೆಗೆ ಕಾಯಿಲೆ ಕಳೆಯೋಕೆ ಹಾಡುವ ಅಜ್ಜನನ್ನ ಕರೆಸಿದೆವು. ಅಜ್ಜ ಹಾಡೋಕೆ ಮುಂಚೆ ಎಲ್ಲರನ್ನೂ ಕೂರಿಸಿ ಒಂದೇ ಮಾತು ಕೇಳಿದರು. ‘ಈ ಮನೆಯಿಂದ ಹೋದವರದು ಏನಾದ್ರೂ ಉಳಿಸ್ಕೊಂಡಿದೀರಾ? ಇದ್ರೆ ಈಗ್ಲೇ ಹೇಳ್ಬಿಡಿ. ಅವರು ಅದನ್ನ ಹುಡುಕ್ಕೊಂಡು ಬರ್ತಾರೆ. ಬಂದೋರು ಮಗೂನ ಬಿಟ್ಟು ಹೋಗಲ್ಲ.’

ನಾನು ಎದೆ ಮೇಲೆ ಕೈ ಇಟ್ಟು ಇಲ್ಲ ಅಂದೆ. ನಮ್ಮನ್ನ ಒಂಬತ್ತು ತಿಂಗಳು ಹೊತ್ತು ಹೆತ್ತವರು ಹೋಗಿ ಮೂರು ವರ್ಷ ಆಯ್ತು. ಅವರ ಬಟ್ಟೆ, ಹಾಸಿಗೆ, ಪಾತ್ರೆ, ಬುಟ್ಟಿ, ಕೊನೆಗೆ ಅಂಗಳದಾಚೆ ಅವರು ಮಲಗ್ತಿದ್ದ ಕೋಣೆ, ಎಲ್ಲಕ್ಕೂ ನಾನೇ ಬೆಂಕಿ ಇಟ್ಟೆ. ನೀನೇ ಎತ್ತಿ ಎತ್ತಿ ತಂದು ಕೊಟ್ಟೆ. ಅವತ್ತಿಂದ ಅವರ ಹೆಸರನ್ನ ಈ ಮನೆಯಲ್ಲಿ ಯಾರೂ ಬಾಯಿಗೆ ತಂದಿಲ್ಲ. ಹೀಗಿದ್ದೂ ಅಜ್ಜ ಇನ್ನೊಂದು ಸಲ ಕೇಳಿದರು. ನನಗೆ ಸಿಟ್ಟು ಬಂತು. ‘ಎಷ್ಟು ಸಲ ಹೇಳ್ಬೇಕು ಅಜ್ಜಾ?’ ಅಂದೆ. ಅವರು ಹಾಡೋಕೆ ಕೂತರು.

ನಾಲ್ಕು ದಿನ ಹಾಡಿದರು. ಐದನೇ ದಿನ ಟ್ವೈಲಾ ಅರ್ಧ ಲೋಟ ಹಾಲು ಕುಡಿದು ವಾಂತಿ ಮಾಡಿದಳು.

ಅಕ್ಕ
ವರ್ಲೀನಾ


ಬೋವೀ
ಏಪ್ರಿಲ್ 2, 1976

ಅಕ್ಕಾ,

ಹದಿನಾಲ್ಕು ದಿನ ತಡವಾಯ್ತು, ಬಯ್ಯಬೇಡ. ಮೂರು ಸಲ ಬರೆದು ಹರಿದು ಹಾಕಿದೆ.

ಟ್ವೈಲಾಗೆ ಒಂದು ಬಣ್ಣದ ಪೆನ್ಸಿಲ್ ಡಬ್ಬ ಕಳಿಸಿದ್ದೀನಿ. ಅಂಗಡಿಯಿಂದಲೇ ನೇರ ಕಳಿಸಿದ್ದು, ನಮ್ಮ ಮ್ಯೂಸಿಯಮ್ಮಿನ ಒಳಗೆ ಬಂದದ್ದಲ್ಲ. ಅದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಸುಮ್ಮನೆ ಹೇಳಿದೆ.

ಹಾಡುವ ಅಜ್ಜನನ್ನ ಒಂದು ಮಾತು ಕೇಳ್ತೀಯಾ? ನಾನು ಕೇಳಿದೆ ಅಂತ ಹೇಳಬೇಡ. ಹೋದವರ ವಸ್ತು ದೂರದಲ್ಲೆಲ್ಲೋ ಇದ್ದರೆ, ಬೇರೆ ಜನರ ಕೈಗೆ ಸೇರಿದ್ದರೆ, ಅದೂ ಲೆಕ್ಕಕ್ಕೆ ಬರುತ್ತಾ? ಇಲ್ಲಿ ಇತಿಹಾಸದ ಕೋಣೆಯಲ್ಲಿ ಹಳೇ ಕಾಲದವರ ಸಾಮಾನಿದೆಯಲ್ಲ, ಅದಕ್ಕೆ ಕೇಳ್ತಿದ್ದೀನಿ. ಬೇರೇನಿಲ್ಲ.

ರಜಾ ಕೇಳಿದೆ. ಈಗ ಜನ ಬರೋ ಕಾಲ, ಜೂನಿನಲ್ಲಿ ನೋಡೋಣ ಅಂತಾನೆ ಟ್ಯಾಕೆಟ್. ಕೂಸಿಗೆ ನನ್ನ ಮುತ್ತು ಕೊಡು.

ಡೆಲ್ಮರ್


ಬೈಲಾಸ್
ಏಪ್ರಿಲ್ 12, 1976

ಶನಿವಾರ ಬಂದಿದ್ದೆ.

ನೋಡಿದೆ. ಕಣ್ಣಾರೆ ನೋಡಿದೆ, ಕಿವಿಯಾರೆ ಕೇಳಿದೆ. ಎರಡು ದಿನ ಆದಮೇಲೆ ಈಗ ಕಾಗದ ಹಿಡಿದಿದ್ದೀನಿ.

ನೀನಾ? ನೀನಾ ಡೆಲ್ಮರ್? ನಿನಗೆ ಕೆಂಡದಂಥ ಜ್ವರ ಬಂದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ನಾನು. ಆ ಕೈಯಲ್ಲಿ ನಿನ್ನನ್ನ ನೆಲಕ್ಕೆ ಹಾಕಿದ್ದರೆ ಒಳ್ಳೇದಿತ್ತು.

ಬೇರೆ ಏನೂ ಬರೆಯೋಕೆ ಆಗಲ್ಲ. ಪೆನ್ಸಿಲ್ ಡಬ್ಬ ವಾಪಸ್ ಕಳಿಸ್ತಿದ್ದೀನಿ.


ಬೋವೀ
ಏಪ್ರಿಲ್ 16, 1976

ಅಕ್ಕಾ,

ಅದು ನೀನೇ ಅಂತ ಗೊತ್ತಾಯ್ತು. ನಿನ್ನ ನೇರಳೆ ಬಣ್ಣದ ಉದ್ದ ಲಂಗ ಬಾಗಿಲಾಚೆ ಹೋಗ್ತಿದ್ದದ್ದು ಕಂಡಿತು. ಕೂಗಿದೆ. ಕೈಯಲ್ಲಿ ಅದು ಇತ್ತು, ಬಿಟ್ಟು ಓಡಿ ಬರೋ ಹಾಗಿರಲಿಲ್ಲ. ಅದನ್ನ ಪೆಟ್ಟಿಗೆಗೆ ಹಾಕಿ, ಚಿಲಕ ಹಾಕಿ ಆಚೆ ಬರೋ ಹೊತ್ತಿಗೆ ಬಸ್ಸಿನ ಧೂಳು ಮಾತ್ರ ಇತ್ತು.

ಇನ್ನು ಮುಚ್ಚಿಟ್ಟು ಏನು ಮಾಡಲಿ. ಮುಂದಿನ ಕೋಣೆಯಲ್ಲಿರೋದು ಹಾವು. ಬಾಲದಲ್ಲಿ ಗಿಲಕಿ ಆಡಿಸೋ ಹಾವು ಹದಿನೊಂದು, ವಿಷದ ಹಲ್ಲಿ ಎರಡು, ಆಮೆ ಒಂದು. ನಾನು ಸೇರಿದಾಗ ಗುಡಿಸೋದು, ಟಿಕೆಟ್ ಹರಿಯೋದು ಮಾತ್ರ ನನ್ನ ಕೆಲಸ. ಆಮೇಲೆ ಹಾವು ನೋಡಿಕೊಳ್ತಿದ್ದವನು ಬಿಟ್ಟು ಹೋದ. ಟ್ಯಾಕೆಟ್ ಬಂದು, ‘ಡೆಲ್, ನಿನ್ನ ಜನ ಮರುಭೂಮೀಲೇ ಹುಟ್ಟಿದೋರಲ್ವಾ, ನಿಂಗೇನು ಹೆದರಿಕೆ?’ ಅಂದ. ನಾವು ಹಾವನ್ನ ಮುಟ್ಟೋದಿರಲಿ, ಅದು ಹರಿದ ದಾರಿಯನ್ನೂ ದಾಟಲ್ಲ ಅಂತ ಆ ಮನುಷ್ಯನಿಗೆ ಹೇಗೆ ಹೇಳಲಿ? ನಕ್ಕುಬಿಡ್ತಾನೆ ಅಂತ ಒಪ್ಪಿಕೊಂಡೆ.

ಮೊದಲ ದಿನ ಕೊಕ್ಕೆ ಹಿಡಿದು ನಿಂತು, ಹಿರಿಯರು ಹೇಳಿಕೊಟ್ಟ ಹಾಗೆ ಮರ್ಯಾದೆಯಿಂದಲೇ ಮಾತಾಡಿಸಿದೆ. ‘ಅಜ್ಜಾ, ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ. ಹೊಟ್ಟೆಪಾಡಿಗೆ ಮುಟ್ತಿದ್ದೀನಿ, ಮನಸ್ಸಿಗೆ ಹಾಕ್ಕೋಬೇಡ.’ ಅಲ್ಲಿದ್ದ ಜನ ಅದನ್ನೇ ಆಟ ಅಂದುಕೊಂಡು ಚಪ್ಪಾಳೆ ತಟ್ಟಿದರು. ಅವತ್ತಿಂದ ದಿನಾ ಎರಡು ಆಟ. ಒಳಗೆ ಪ್ರಾಣ ಹಾರಿಹೋಗ್ತಿತ್ತು ಅಕ್ಕಾ. ರೂಮಿಗೆ ಬಂದು ಕೈ ತೊಳೆದೂ ತೊಳೆದೂ ಚರ್ಮ ಒಡೆದುಹೋಗಿದೆ.

ನಿನ್ನ ಕಾಗದ ಬಂದ ದಿನವೇ ಟ್ಯಾಕೆಟ್‌ಗೆ ಹೇಳಿಬಿಟ್ಟೆ. ‘ಇನ್ನು ಮುಟ್ಟಲ್ಲ. ಬೇಕಾದ್ರೆ ಇಟ್ಕೋ, ಬೇಡಾದ್ರೆ ಕಳ್ಸು.’ ಹಾಕ್ಕೊಂಡಿದ್ದ ಬಟ್ಟೆ, ಬೂಟು ಎಲ್ಲಾ ಸುಟ್ಟೆ. ಮೈ ಶುದ್ಧಿಗೆ ಜೂನಿಪರ್ ಸೊಪ್ಪಿನ ಹೊಗೆ ತಗೊಂಡೆ. ಟ್ಯಾಕೆಟ್ ಗೊಣಗಿದ, ಕೊನೆಗೆ ಒಪ್ಪಿದ. ಈಗ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಇತಿಹಾಸದ ಕೋಣೆಯಲ್ಲೇ. ಹಾವಿನ ಮುಖ ನೋಡಲ್ಲ. ಈಗಲಾದರೂ ಸಮಾಧಾನ ಮಾಡಿಕೋ. ತಪ್ಪಾಯ್ತು.

ಟ್ವೈಲಾ ಹೇಗಿದ್ದಾಳೆ? ಅದೊಂದಾದರೂ ಬರಿ.

ಡೆಲ್ಮರ್


ಬೈಲಾಸ್
ಏಪ್ರಿಲ್ 24, 1976

ಡೆಲ್ಮರ್,

ಹಾವು! ಹಾವಂತೆ! ಅಯ್ಯೋ ನಿನ್ನ, ನಾನು ಹಾವು ನೋಡಿ ಓಡಿಹೋದೆ ಅಂದುಕೊಂಡೆಯಾ? ಹಾವಿನದು ಬೇರೆ ದಿನ ಬಯ್ತೀನಿ, ಅದಕ್ಕೂ ಬೇಕಾದಷ್ಟು ಬಯ್ಗುಳ ಇಟ್ಟುಕೊಂಡಿದ್ದೀನಿ. ‘ಬೆಳಿಗ್ಗೆಯಿಂದ ಸಂಜೆವರೆಗೆ ಇತಿಹಾಸದ ಕೋಣೆಯಲ್ಲೇ’ ಅಂತ ಓದಿ ಕಾಗದ ಮುದುರಿ ನೆಲಕ್ಕೆ ಬಿಸಾಡಿದೆ.

ಕೇಳು, ನಾನು ಎಲ್ಲಿಂದ ಬಂದೆ, ಏನು ಕಂಡೆ ಅಂತ. ವಯಸ್ಸಾದವರ ಸಂಘದ ಬಸ್ಸು ವಿಲ್ಕಾಕ್ಸಿಗೆ ಹೊರಟಿತ್ತು. ಬ್ಯೂಲಾ ಚಿಕ್ಕಮ್ಮನ ಜೊತೆಗೆ ನಾನೂ ಹತ್ತಿದೆ. ಅರ್ಧ ಗಂಟೆ ನಿಲ್ಲಿಸಪ್ಪಾ, ನಮ್ಮ ಹುಡುಗ ಕೆಲಸ ಮಾಡೋ ಜಾಗ ಅಂತ ಡ್ರೈವರನ್ನ ಕಾಡಿ ನಿಲ್ಲಿಸಿದೆ. ನಿನಗೆ ಕೊಡೋಕೆ ಓಕ್ ಕಾಯಿ ಹಾಕಿದ ಸಾರನ್ನ ಬಾಟಲಿಯಲ್ಲಿ ತಂದಿದ್ದೆ. ನಿಮ್ಮ ಬೋರ್ಡು, ಮುಂಬಾಗಿಲಿಗೆ ಕಟ್ಟಿದ ಸಿಮೆಂಟಿನ ಹಾವಿನ ತಲೆ ಕಂಡು ಚಿಕ್ಕಮ್ಮ ಸೀಟು ಬಿಟ್ಟು ಏಳಲಿಲ್ಲ. ‘ನಾನಂತೂ ಇಳಿಯಲ್ಲಮ್ಮ. ಹಾವಿನ ಬಾಯೊಳಗೇ ಬಾಗ್ಲು ಇಟ್ಟಿದ್ದಾರೆ, ನೋಡು. ನಿನ್ನ ತಮ್ಮ ಇತಿಹಾಸ ಹೇಳ್ತಾನೋ, ಇಲಿ ಹಿಡೀತಾನೋ?’ ಅಂದಳು. ನಾನೂ ಆ ಬಾಗಿಲಿಗೆ ಹೋಗಲಿಲ್ಲ. ಕಟ್ಟಡ ಸುತ್ತು ಹಾಕಿ ಹಿಂಬಾಗಿಲಿಂದ ಬಂದೆ.

ಒಳಗೆ ಕಾಲಿಡ್ತಿದ್ದ ಹಾಗೆ ತಗಡಿನ ಗೆಜ್ಜೆ ಸದ್ದು. ಕೂಲರಿನ ಗಾಳಿಗೆ ಏನೋ ತೂಗ್ತಿತ್ತು. ನೋಡೋ ಮುಂಚೆಯೇ ಗೊತ್ತಾಯ್ತು ಕಣೋ ನನಗೆ. ಹದಿನೈದು ವರ್ಷ ಆ ಸದ್ದಿನ ಹಿಂದೆ ನಡೆದು ಓಕ್ ಕಾಯಿ ಆರಿಸಿದವಳು ನಾನು. ತಲೆ ಎತ್ತಿದೆ. ಅಂಚಿಗೆ ಗೆಜ್ಜೆ ಕಟ್ಟಿದ ಅವರ ಹೊರೆಬುಟ್ಟಿ. ಅವರ ಕೈಯ ಹೆಣಿಗೆ, ಅವರು ಕತ್ತರಿಸಿ ಹೊಲಿದ ಜಿಂಕೆ ಚರ್ಮ. ಬೆಂಕಿಯಲ್ಲಿ ಬೂದಿಯಾಯ್ತು ಅಂತ ನಾನು ಎದೆ ಮುಟ್ಟಿ ಹೇಳಿದ ಬುಟ್ಟಿ.

ಕೆಳಗೆ ಚೀಟಿ. ಚೀಟಿಯಲ್ಲಿ ಅವರ ಹೆಸರು. ಪಕ್ಕದಲ್ಲಿ ಕೆಂಪು ಗುಂಡಿ. ಒಬ್ಬಳು ದಪ್ಪನೆಯ ಹೆಂಗಸು ಗುಂಡಿ ಒತ್ತಿದಳು. ಗೋಡೆಯೊಳಗಿಂದ ನಿನ್ನ ದನಿ! ಮನುಷ್ಯ ಇಲ್ಲ, ದನಿ ಮಾತ್ರ. ಅವರ ಹೆಸರನ್ನ ಹೇಳ್ತಿದೆ. ‘ಇದು ನನ್ನ ತಾಯಿ ಇಂಥವರು ಹೆಣೆದದ್ದು.’ ಆ ಹೆಂಗಸು ಗಂಡನ್ನ ಕರೆದು, ‘ಕೇಳ್ರೀ, ನಮ್ಮ ಸೋದರತ್ತೇದೂ ಇದೇ ಹೆಸ್ರು!’ ಅಂತ ಮತ್ತೆ ಒತ್ತಿದಳು. ಗಂಡ ಒತ್ತಿದ. ಇಬ್ಬರೂ ಹೆಸರು ಹೇಳಿ ಹೇಳಿ ನಕ್ಕರು. ಏಳು ಸಲ ಡೆಲ್ಮರ್. ಮೂರು ವರ್ಷದಿಂದ ನಾವ್ಯಾರೂ ನಾಲಿಗೆ ಮೇಲೆ ತಾರದ ಹೆಸರನ್ನ ಅರ್ಧ ಗಳಿಗೆಯಲ್ಲಿ ಏಳು ಸಲ ಕೂಗಿದರು. ಸಾರಿನ ಬಾಟಲಿ ಅಲ್ಲೇ ಬಿತ್ತು. ಮುಂದಿನ ಕೋಣೆ ಹಾದು ಓಡಿದೆ. ನೀನು ಯಾವ ಹಾವು ಹಿಡಿದಿದ್ದೆಯೋ ನಾನು ನೋಡಲೇ ಇಲ್ಲ.

ಕರೆದರೆ ಅವರು ಬರದೇ ಇರ್ತಾರಾ? ಯಾವಾಗಲಾದರೂ ಕರೆದ ಕೂಡಲೇ ಬರದೇ ಇದ್ದವರಾ ಅವರು? ಬಂದು, ನಿನ್ನ ಗೋಡೆಯಲ್ಲಿ ಯಾರೂ ಕಾಣದೆ, ನನ್ನ ಮಗಳ ಹಾಸಿಗೆ ಹತ್ತಿರ ಬಂದು ನಿಂತಿದ್ದಾರೆ. ನಿನ್ನ ಸೊಸೆ ಸಾಯ್ತಿದ್ದಾಳೆ ಕಣೋ. ಆ ಬುಟ್ಟಿ ಅಲ್ಲಿಗೆ ಹೇಗೆ ಬಂತು ಹೇಳು.

ವರ್ಲೀನಾ


ಬೋವೀ
ಏಪ್ರಿಲ್ 30, 1976

ಅಕ್ಕಾ,

ಹೇಳ್ತೀನಿ. ಇನ್ನು ಸುಳ್ಳಿಲ್ಲ.

ಅವತ್ತು ನೀನು ಬೆಂಕಿ ಹತ್ತಿರ ನಿಂತಿದ್ದೆ, ನಾನು ಒಳಗಿಂದ ತಂದು ಕೊಡ್ತಿದ್ದೆ. ಬುಟ್ಟಿ ಮೊಳೆಗೆ ನೇತು ಹಾಕಿತ್ತು. ತೆಗೆದೆ. ಒಳಗೆ ಇನ್ನೂ ನಾಲ್ಕು ಓಕ್ ಕಾಯಿ ಇತ್ತು. ನಾನು ಯುದ್ಧದಲ್ಲಿದ್ದಾಗ ಒಂದು ವರ್ಷ ಪೂರ್ತಿ ದಿನಾ ಮನಸ್ಸಿನಲ್ಲೇ ನೋಡ್ತಿದ್ದದ್ದು ಅದನ್ನೇ. ಅವರು ಅದನ್ನ ಬೆನ್ನಿಗೆ ಹಾಕಿಕೊಂಡು ಗುಡ್ಡ ಇಳಿದು ಬರೋದನ್ನ. ಎಲ್ಲಾ ಕೊಟ್ಟೆ ಅಕ್ಕಾ, ಅದೊಂದನ್ನ ಕೊಡೋಕೆ ಕೈ ಬರಲಿಲ್ಲ. ಕಂಬಳಿಯಲ್ಲಿ ಸುತ್ತಿ ಟ್ರಕ್ಕಿನ ಸೀಟಿನ ಕೆಳಗೆ ತುರುಕಿದೆ. ನೀನು ಹೊಗೆಯಲ್ಲಿ ಕಣ್ಣು ಒರೆಸಿಕೊಳ್ತಿದ್ದೆ.

ಆಮೇಲೆ ರೂಮಿನಲ್ಲಿ ಇಟ್ಟುಕೊಂಡೆ. ಇಟ್ಟುಕೊಂಡವನಿಗೆ ನಿದ್ದೆ ಇಲ್ಲ. ಕಿಟಕಿ ಮುಚ್ಚಿದ್ದರೂ ಗೆಜ್ಜೆ ಸದ್ದು ಕೇಳಿಸೋದು. ಕುಡಿಯೋಕೆ ಶುರು ಮಾಡಿದ್ದು ಆಗಲೇ. ಸುಡೋಕೂ ಧೈರ್ಯ ಇಲ್ಲ, ಇಟ್ಟುಕೊಳ್ಳೋಕೂ ಧೈರ್ಯ ಇಲ್ಲ. ಟ್ಯಾಕೆಟ್ ಹತ್ತಿರ ತಂದೆ. ನೋಡಿದವನೇ ಬಾಯಿ ಬಿಟ್ಟು ನಿಂತ. ಅವತ್ತೇ ಕೆಲಸ ಕೊಟ್ಟ. ಬುಟ್ಟಿ ಅಲ್ಲಿ, ನಾನೂ ಅಲ್ಲಿ, ಅದನ್ನ ದಿನಾ ನೋಡಬಹುದು, ಅದು ನನ್ನ ಮನೆಯಲ್ಲೂ ಇಲ್ಲ. ಎಲ್ಲಾ ಸರಿಹೋಯ್ತು ಅಂದುಕೊಂಡೆ.

ಹೆಸರಿಲ್ಲದ ಸಾಮಾನು ಯಾರೂ ನೋಡಲ್ಲ ಅಂತ ಟ್ಯಾಕೆಟ್ ಹಟ ಹಿಡಿದ. ನಾನು ಅವರ ನಿಜವಾದ ಹೆಸರು ಹೇಳಲಿಲ್ಲ, ನಿನ್ನಾಣೆ. ಮಿಷನ್ ಸ್ಕೂಲಿನವರು ಇಟ್ಟ ಇಂಗ್ಲಿಷ್ ಹೆಸರು ಹೇಳಿದೆ. ▢▢▢▢▢ ಅನ್ನೋದು ಆ ಪಾದ್ರಿಗಳ ರಿಜಿಸ್ಟರಿನ ಹೆಸರು, ಅದು ಅವರದಲ್ಲ, ಅದಕ್ಕೆ ಅವರು ಓಗೊಡಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಬುಟ್ಟಿ ತಗೋತೀನಿ. ಸ್ವಲ್ಪ ದಿನ ಕೊಡು.

ಡೆಲ್ಮರ್


ಬೈಲಾಸ್
ಮೇ 6, 1976

ನಿನ್ನ ಕಾಗದದಲ್ಲಿ ಆ ಹೆಸರು ಬರೆದಿದ್ದೆ. ನನ್ನ ಮನೆಯೊಳಕ್ಕೆ ಅಂಚೆಯಲ್ಲಿ ಕಳಿಸಿದ್ದೆ! ಕತ್ತರಿಯಲ್ಲಿ ಅಷ್ಟು ಜಾಗ ಕತ್ತರಿಸಿ ಒಲೆಗೆ ಹಾಕಿದೆ. ನಿನಗೆ ಇನ್ನೂ ಬುದ್ಧಿ ಬಂದಿಲ್ಲ.

ಆ ಹೆಸರಿಗೆ ಅವರು ಓಗೊಡಲ್ಲವಂತೆ! ಆಸ್ಪತ್ರೆಯ ನರ್ಸು ಆ ಹೆಸರು ಕೂಗಿದಾಗಲೆಲ್ಲ ಕೋಲು ಊರಿಕೊಂಡು ಎದ್ದು ಹೋಗ್ತಿದ್ದವರು ಯಾರು, ನಾನಾ?

ಟ್ವೈಲಾ ಈಗ ಏಳೋದೇ ಇಲ್ಲ. ಆಸ್ಪತ್ರೆಯವರು ಫೀನಿಕ್ಸಿಗೆ ಕರಕೊಂಡು ಹೋಗಿ ಮೂಗಿಗೆ ನಳಿಗೆ ಹಾಕಿ ಊಟ ಕೊಡ್ತೀವಿ ಅಂತಿದ್ದಾರೆ. ಈ ತಿಂಗಳ ಕೊನೆವರೆಗೆ ನೋಡ್ತೀವಿ ಅಂದಿದ್ದಾರೆ, ಅಷ್ಟೆ. ಅಜ್ಜ 22ನೇ ತಾರೀಕು ಮತ್ತೆ ಹಾಡೋಕೆ ಬರ್ತಾರೆ. ಅವರಿಗೆ ಹೇಳಿದೆ. ಚಿಕ್ಕಮ್ಮ, ನಿನ್ನ ಭಾವ, ಅವರ ಅಣ್ಣತಮ್ಮಂದಿರು, ಎಲ್ಲರ ಮುಂದೆ ಹೇಳಿದೆ. ‘ಉಳಿಸಿಕೊಂಡದ್ದು ನಾನಲ್ಲ. ನನ್ನ ತಮ್ಮ ಕಳ್ಳ.’ ನಿನ್ನ ಭಾವ ಇನ್ನು ನಿನ್ನನ್ನ ಹೊಸ್ತಿಲು ತುಳಿಸಲ್ಲ ಅಂದಿದ್ದಾರೆ.

22ರ ಒಳಗೆ ಅದು ಬೂದಿಯಾಗಬೇಕು.

ವರ್ಲೀನಾ


ಸ್ಯಾಫರ್ಡ್
ಮೇ 17, 1976

ಅಕ್ಕಾ,

ಆಯ್ತು. ಸುಟ್ಟೆ. ನಿನ್ನೆ ಮಧ್ಯಾಹ್ನ, ಭಾನುವಾರದ ಜನ ನೋಡ್ತಿದ್ದ ಹಾಗೇ.

ಮೊದಲು ಕೇಳಿದೆ. ಹತ್ತು ದಿನ ಕೇಳಿದೆ. ‘ಇದು ಈಗ ಮ್ಯೂಸಿಯಮ್ಮಿಂದು ಡೆಲ್, ನೀನೇ ಕೊಟ್ಟಿದ್ದು’ ಅಂದ ಟ್ಯಾಕೆಟ್. ನಿಜ, ನಾನೇ ಕೊಟ್ಟದ್ದು. ನಿನ್ನೆ ಏಣಿ ಹಾಕಿ ದಾರ ಕುಯ್ದೆ. ಗೋಡೆಯೊಳಗಿದ್ದ ನನ್ನ ದನಿಯ ಟೇಪ್ ಕಿತ್ತು, ಎಳೆದು, ತುಂಡು ಮಾಡಿದೆ. ಜನ ಇದೂ ಒಂದು ಆಟ ಅಂತ ಸುತ್ತ ನಿಂತು ಫೋಟೋ ತೆಗೆದರು. ಹಿಂಬಾಗಿಲಿಂದ ಮರಳಿಗೆ ಹೋಗಿ, ಮೆಸ್ಕೀಟ್ ಕಟ್ಟಿಗೆ ಒಟ್ಟಿ, ಮೇಲೆ ಇಟ್ಟೆ.

ಟ್ಯಾಕೆಟ್ ಓಡಿಬಂದ. ‘ಹುಚ್ಚು ಹಿಡೀತೇನೋ? ಡೆಲ್, ಇಡೀ ಜಾಗದಲ್ಲಿ ಅದೊಂದೇ ನಿಜವಾದದ್ದು! ಮಿಕ್ಕಿದ್ದೆಲ್ಲ ನಾನೇ ಬಣ್ಣ ಹೊಡ್ದಿದ್ದು!’

‘ಅದಕ್ಕೇ ಸಾರ್ ಸುಡಬೇಕಾಗಿರೋದು’ ಅಂದೆ.

ಕಡ್ಡಿ ಗೀರಿದೆ. ಅವನು ಆಮೆಗೆ ನೀರು ಹಾಕೋ ಬಕೆಟ್ ಎತ್ತಿಕೊಂಡು ಬಂದ. ಮಧ್ಯದಲ್ಲೇ ನಿಂತ. ನನ್ನ ಮುಖದಲ್ಲಿ ಏನು ಕಂಡನೋ ಗೊತ್ತಿಲ್ಲ, ಬಕೆಟ್ ಕೆಳಗಿಟ್ಟ. ಇಪ್ಪತ್ತು ವರ್ಷ ಗಿಲಕಿ ಹಾವು ಸಾಕಿದವನು ಅಲ್ಲೇ ಮರಳಿನ ಮೇಲೆ ಕೂತು ಅತ್ತುಬಿಟ್ಟ. ‘ಇವನಮ್ಮ ಕೈಯಾರೆ ಮಾಡಿದ್ದು, ಇವನಮ್ಮ ಕೈಯಾರೆ ಮಾಡಿದ್ದು’ ಅಂತ ಅಲ್ಲಿದ್ದವರಿಗೆಲ್ಲ ಹೇಳ್ತಿದ್ದ. ಯಾರೂ ಫೋಟೋ ತೆಗೀಲಿಲ್ಲ ಆಮೇಲೆ. ನನಗೆ ಅಳು ಬರಲಿಲ್ಲ ಅಕ್ಕಾ. ನಾನು ಬೆಚ್ಚಿದ್ದು ಅದಕ್ಕೇ. ಬಿಳಿಯ ಅಳ್ತಾನೆ, ಮಗ ಅಳ್ತಿಲ್ಲ.

ಜಿಂಕೆ ಚರ್ಮ ಮೊದಲು ಮುದುಡಿತು, ಆಮೇಲೆ ಹೆಣಿಗೆ ಹತ್ತಿಕೊಂಡಿತು. ಕಾಲು ಗಂಟೆಯೂ ಆಗಲಿಲ್ಲ. ಗೆಜ್ಜೆಗಳು ಕಪ್ಪಾಗಿ ಉಳಿದವು, ಅವನ್ನ ಆಳವಾಗಿ ಹೂತೆ. ಟ್ಯಾಕೆಟ್ ಎದ್ದು ಬೀಗದ ಕೈ ಕೇಳಿದ. ಕೊಟ್ಟೆ. ಪೊಲೀಸಿಗೆ ಹೇಳ್ತೀನಿ ಅನ್ನಲಿಲ್ಲ, ಹೋಗು ಅಂದ ಅಷ್ಟೆ.

ಈಗ ಸ್ಯಾಫರ್ಡಿನಲ್ಲಿ ಹತ್ತಿ ಹೊಲದ ಕಾಲುವೆ ಕೆಲಸಕ್ಕೆ ಸೇರಿದ್ದೀನಿ. ವಿಳಾಸ ಹಿಂದೆ ಬರೆದಿದ್ದೀನಿ. ಭಾವ ಬೇಡ ಅಂದರೆ ಮನೆಗೆ ಬರಲ್ಲ. 22ರಂದು ಹಾಡಾದ ಮೇಲೆ ಕೂಸು ಹೇಗಿದ್ದಾಳೆ ಅಂತ ಒಂದು ಕಾರ್ಡ್ ಹಾಕು.

ಡೆಲ್ಮರ್


ಸ್ಯಾಫರ್ಡ್
ಜೂನ್ 2, 1976

ಅಕ್ಕಾ,

22 ಆಗಿ ಹನ್ನೊಂದು ದಿನ. ನಿನ್ನೆ ಬೈಲಾಸಿನ ಅಂಗಡಿಗೆ ಫೋನ್ ಮಾಡಿದೆ. ನೀನು ಅಲ್ಲೇ ಇದ್ದೆಯಂತೆ, ಫೋನ್ ಹತ್ತಿರ ಬರಲಿಲ್ಲವಂತೆ. ಬಯ್ಯೋಕಾದರೂ ಬರಿ. ಕೂಸು ಇದ್ದಾಳೋ ಇಲ್ಲವೋ ಅನ್ನೋದನ್ನಾದರೂ ಹೇಳು. ಕಾಲುವೆ ಅಗೀತಾ ಅಗೀತಾ ಸನಿಕೆ ಬಿಟ್ಟು ನಿಂತುಬಿಡ್ತೀನಿ.

ಡೆಲ್ಮರ್


ಬೈಲಾಸ್
ಜೂನ್ 9, 1976

ಡೆಲ್ಮರ್, ನನ್ನ ತಮ್ಮಾ,

ಟ್ವೈಲಾ ಇದ್ದಾಳೆ. ಅದನ್ನ ಮೊದಲು ಹೇಳಿಬಿಡ್ತೀನಿ, ಉಸಿರು ಬಿಡು.

ಹಾಡು ಆಯ್ತು. ಎಲ್ಲಾ ಚೆನ್ನಾಗೇ ಆಯ್ತು. ಬುಟ್ಟಿ ಸುಟ್ಟಿದ್ದಾಗಿದೆ ಅಂತ ನಾನೇ ಅಜ್ಜನಿಗೆ ಹೇಳಿದೆ. ಅಜ್ಜ ಟ್ವೈಲಾ ಹಣೆಗೆ ಜೊಂಡಿನ ಹೂವಿನ ಹಳದಿ ಪುಡಿ ಹಚ್ಚಿದರು. ಮಾರನೇ ದಿನ ಬೆಳಿಗ್ಗೆ ತಟ್ಟೆ ಮುಂದಿಟ್ಟೆ. ಅವಳು ತಟ್ಟೆಯನ್ನೇ ನೋಡ್ತಾ ಕೂತಳು, ಅದೇ ಹಾಗೆ.

ಅಜ್ಜ ಕಾಫಿ ಲೋಟ ಕೆಳಗಿಟ್ಟರು. ಮೂರನೇ ಸಲ ಕೇಳಿದರು, ಈ ಸಲ ಎಲ್ಲರನ್ನೂ ಅಲ್ಲ, ನನ್ನೊಬ್ಬಳನ್ನೇ. ‘ಅಮ್ಮಾ, ಇನ್ನೇನಿದೆ?’ ನಾನು ಕೈ ಎತ್ತಿ ಎದೆ ಮೇಲೆ ಇಟ್ಟೆ. ಬಾಯಿ ತೆರೆದೆ.

ಹಾಸಿಗೆಯಿಂದ ಟ್ವೈಲಾ ಹೇಳಿದಳು. ತಿಂಗಳಿಂದ ಮಾತಾಡದ ಮಗು. ‘ಹಿಟ್ಟಿನ ಡಬ್ಬದಲ್ಲಿ ಇದೆ.’

ನನ್ನ ಹತ್ತಿರ ಅವರ ದಬ್ಬಳ ಇತ್ತು ಡೆಲ್ಮರ್. ಬುಟ್ಟಿ ಹೆಣೆಯೋ ದಬ್ಬಳ. ಬೆಂಕಿ ಇಡೋ ಮುಂಚೆಯೇ ತೆಗೆದು ಲಂಗದ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿದ್ದೆ. ನೀನು ಟ್ರಕ್ಕಿನ ಸೀಟಿನ ಕೆಳಗೆ ಬುಟ್ಟಿ ತುರುಕ್ತಿದ್ದಾಗ ಅದು ನನ್ನ ಸೊಂಟಕ್ಕೆ ಚುಚ್ತಿತ್ತು. ಅವರ ಹೆಬ್ಬೆರಳು ಸವೆಸಿದ ಹಿಡಿಗೆ ನನ್ನ ಹೆಬ್ಬೆರಳು ಸರಿಯಾಗಿ ಕೂರುತ್ತೆ, ಬೇರೆ ದಬ್ಬಳದಲ್ಲಿ ನನ್ನ ಕೈ ಓಡಲ್ಲ. ನೀನು ಇಂಗ್ಲಿಷ್ ಹೆಸರು ಲೆಕ್ಕಕ್ಕಿಲ್ಲ ಅಂದುಕೊಂಡೆ. ನಾನು ಬೆರಳುದ್ದದ್ದು ಲೆಕ್ಕಕ್ಕಿಲ್ಲ ಅಂದುಕೊಂಡೆ.

ಮನೆಯಲ್ಲಿ ಯಾರೂ ಇಲ್ಲದಾಗ ಹಿಟ್ಟಿನಿಂದ ತೆಗೆದು ಸುಮ್ಮನೆ ಹಿಡ್ಕೊಂಡು ಕೂರ್ತಿದ್ದೆ. ಜನವರಿಯಲ್ಲಿ ಒಂದು ದಿನ ಟ್ವೈಲಾ ಸ್ಕೂಲಿಂದ ಬೇಗ ಬಂದುಬಿಟ್ಟಳು. ನೋಡಿದಳು. ಅಜ್ಜಿ ತೊಡೆಯ ಮೇಲೆ ಬೆಳೆದ ಮಗು, ಅದು ಏನು ಅಂತ ಗೊತ್ತಾಗದೇ ಇರುತ್ತಾ? ತೋಳು ಹಿಡಿದು ಅಲುಗಾಡಿಸಿ ಹೇಳಿದೆ, ‘ನೀನು ಏನೂ ನೋಡಿಲ್ಲ. ಅಪ್ಪನ ಹತ್ರ ಬಾಯಿಬಿಟ್ರೆ ನೋಡು.’ ಬಾಯಿ ಬಿಡಲಿಲ್ಲ ಅವಳು. ಆ ಹಿಟ್ಟಿನ ರೊಟ್ಟಿ ತಿನ್ನೋಕೂ ಆಗದೆ, ಯಾಕೆ ತಿನ್ನಲ್ಲ ಅಂತ ಹೇಳೋಕೂ ಆಗದೆ ಒಣಗಿದಳು. ಆಮೇಲೆ ಈ ಮನೆಯ ಯಾವ ಪಾತ್ರೆಯದೂ ಇಳೀಲಿಲ್ಲ. ಅಜ್ಜನ ಮುಂದೆ ನಾನು ಎದೆ ಮೇಲೆ ಕೈ ಇಟ್ಟಿದ್ದನ್ನ ಎರಡು ಸಲ ಮಲಗಿದಲ್ಲಿಂದಲೇ ನೋಡಿದ್ದಾಳೆ. ಮೂರನೇ ಸಲ ನೋಡೋಕಾಗಲಿಲ್ಲ ಅವಳಿಗೆ.

ನಿನ್ನ ಬುಟ್ಟಿ ಕಂಡು ನಾನು ಹೆದರಿ ಓಡಿದ್ದು ಸುಳ್ಳಲ್ಲ. ಆದರೆ ಮನೆಗೆ ಬರೋ ದಾರಿಯಲ್ಲಿ ಬಸ್ಸಿನಲ್ಲಿ ಕೂತು ನನಗೆ ಹಗುರ ಆಯ್ತು ಕಣೋ. ಆ ಹಾಳು ಬುಟ್ಟಿಯಿಂದಲೇ ಆಗಿರೋದು, ನನ್ನದರಿಂದ ಅಲ್ಲ, ಅಂತ. ನೀನು ಸುಟ್ಟುಬಿಟ್ಟರೆ ಮಗು ಎದ್ದು ಕೂರ್ತಾಳೆ, ನನ್ನದು ಯಾರಿಗೂ ಗೊತ್ತಾಗದ ಹಾಗೆ ಉಳಿಯುತ್ತೆ, ಅಂತ. ಎಲ್ಲರ ಮುಂದೆ ನಿನ್ನನ್ನ ಕಳ್ಳ ಅಂದೆನಲ್ಲ, ಆಗಲೂ ಹಿಟ್ಟಿನ ಡಬ್ಬ ನನ್ನ ಬೆನ್ನ ಹಿಂದೇ ಇತ್ತು. ನಾಚಿಕೆಯಿಂದ ಫೋನ್ ಹತ್ತಿರ ಬರಲಿಲ್ಲ.

ದಬ್ಬಳ, ಡಬ್ಬ, ಹಿಟ್ಟು ಎಲ್ಲಾ ಅಂಗಳದಲ್ಲಿ ಸುಟ್ಟೆ. ನಿನ್ನ ಭಾವ ನನ್ನ ಮುಖ ನೋಡಿ ಮಾತಾಡಿಲ್ಲ ಇನ್ನೂ. ಅವರೇ ನಿನ್ನೆ ಅಂದರು, ‘ಅವ್ನನ್ನ ಬರೋಕೆ ಹೇಳು. ಹೊಸ್ತಿಲು ತುಳಿಸಲ್ಲ ಅಂದಿದ್ದು ತಪ್ಪಾಯ್ತು ಅಂತ ನಾನೇ ಹೇಳ್ತೀನಿ.’ ಫೀನಿಕ್ಸಿಗೆ ಕಳಿಸೋದು ಬೇಡ ಅಂತ ಆಸ್ಪತ್ರೆಯವರೂ ಅಂದಿದ್ದಾರೆ, ಯಾಕಂದರೆ ಟ್ವೈಲಾ ತಿಂತಿದ್ದಾಳೆ. ಬ್ಯೂಲಾ ಚಿಕ್ಕಮ್ಮ ಅವಳ ಮನೆಯಿಂದ ಸಾರು ತಂದರೆ ಬಟ್ಟಲು ಪೂರ್ತಿ ಕುಡೀತಾಳೆ. ಪಕ್ಕದ ಮನೆಯವರು ಕರಿದ ರೊಟ್ಟಿ ಕೊಟ್ಟರೆ ಎರಡು ತಿಂತಾಳೆ. ನಾನು ಹೊಸ ಡಬ್ಬ, ಹೊಸ ಹಿಟ್ಟು, ಹೊಸ ಬಾಣಲೆ ತಂದೆ. ಬಿಸಿಬಿಸಿ ರೊಟ್ಟಿ ಮುರಿದು ಬಾಯಿ ಹತ್ತಿರ ಹಿಡಿದೆ. ಮುಖ ತಿರುಗಿಸಿದಳು. ಸಿಟ್ಟಿನಿಂದಲ್ಲ, ಹೆದರಿಕೊಂಡು.

ಮುಂದಿನ ಗುರುವಾರದ ಬಸ್ಸಿಗೆ ಬಾ. ರೊಟ್ಟಿ ನಾನೇ ಮಾಡಿರ್ತೀನಿ, ನೀನು ತಿನ್ನಿಸು. ಯಾರು ಮಾಡಿದ್ದು ಅಂತ ಕೇಳಿದರೆ ಸುಳ್ಳು ಹೇಳಬೇಡ.

ಅಕ್ಕ
ವರ್ಲೀನಾ